ಹೃದಯದ ಕಸುವು: ಬೈಪಾಸಿಗೆ ಮೊದಲು, ಬೈಪಾಸಿನ ಅನಂತರ

(ರಾಜ್ಯೋತ್ಸವದ ಅಂಗವಾಗಿ ನಡೆದ ಆರೋಗ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಂಭ್ರಮದಲ್ಲಿ ನಾಡು-ನುಡಿಗಳನ್ನು ಕುರಿತು ಸೊಗಸಾಗಿ ಮಾತನಾಡಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಪಾಲಿಗೆ ಬಂದ ವಿಷಯ ಅಷ್ಟು ರಸವತ್ತಾದುದಲ್ಲ. ಆದರೂ ಅಧ್ಯಕ್ಷರು ಅದನ್ನೇ ಆರಿಸಿ ಕೊಟ್ಟುದಕ್ಕೆ ಕಾರಣವುಂಟು. ಈ ಸಭಾಗೃಹದಲ್ಲಿ ಕುಳಿತಿರುವ ಕುಟುಂಬಗಳನ್ನು ಒಂದೊಂದಾಗಿ ವಿಚಾರಿಸಿದರೆ, ಬೈಪಾಸ್ ಶಸ್ತ್ರಕ್ರಿಯೆಯ ಮಾತು ಒಮ್ಮೆಯೂ ಸುಳಿಯದ ಮನೆ ಸಿಕ್ಕುವುದು ವಿರಳ. ತಂದೆಗೊ, ಮಾವನಿಗೊ, ಹೋಟೆಲಿನ ಗಲ್ಲೆಯಲ್ಲಿ ಕೂರುವ ಅಣ್ಣನಿಗೊ ಅದು ಆಗಿಯೇ ಇರುತ್ತದೆ. ಇಲ್ಲವೆ ಆಗಬೇಕೆಂದು ವೈದ್ಯರು ಹೇಳಿರುತ್ತಾರೆ.

ನಾವು ವೈದ್ಯರಲ್ಲ. ಸಂಘದ ಆರೋಗ್ಯ ಸಮಿತಿಯವರಾಗಿ ಆಸ್ಪತ್ರೆಗೆ ಹೋಗುವ ನಮ್ಮವರ ಸಂಗಡ ಹೋಗಿ, ವೈದ್ಯರು ಮರಾಠಿಯಲ್ಲೊ ಹಿಂದಿಯಲ್ಲೊ ಇಂಗ್ಲಿಷಿನಲ್ಲೊ ಹೇಳಿದುದನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ, ಕೆಲವೊಮ್ಮೆ ತುಳುವಿನಲ್ಲಿ ಅಥವಾ ಕೊಂಕಣಿಯಲ್ಲಿ ತಿಳಿಸುವುದಷ್ಟೇ ನಮ್ಮ ಕೆಲಸ. ಹೀಗೆ ಹೋಗಿ ಬರುವಾಗ ನಾವು ಕಂಡುಕೊಂಡ ಸಂಗತಿ ಒಂದಿದೆ. ರೋಗಿಯ ಕಡೆಯವರು ತಪ್ಪದೆ ಕೇಳುವ ಪ್ರಶ್ನೆಗಳು ಮೂರು: ಎಷ್ಟು ಬ್ಲಾಕು? ಎಷ್ಟು ಖರ್ಚು? ಎಷ್ಟು ದಿನಕ್ಕೆ ಮನೆಗೆ? ಆದರೆ ವೈದ್ಯರು ಒಬ್ಬರನ್ನೊಬ್ಬರು ಮೊದಲು ಕೇಳಿಕೊಳ್ಳುವ ಪ್ರಶ್ನೆಗಳಲ್ಲಿ ಮುಖ್ಯವಾದುದು ಬೇರೆಯೇ: “ಪಂಪಿಂಗ್ ಎಷ್ಟಿದೆ?” ನಾಲ್ಕನೆಯದಾದ ಈ ಪ್ರಶ್ನೆಯನ್ನು ನಾವೂ ಕೇಳಲು ಕಲಿಯಬೇಕು. ಇಂದಿನ ಮಾತಿನ ಸಾರವೆಲ್ಲ ಇಷ್ಟೆ.

ಮೊದಲು ಹೃದಯದ ಕೆಲಸವನ್ನು ಸ್ಥೂಲವಾಗಿ ನೋಡೋಣ. ಹೃದಯವೆಂಬುದು ಮುಷ್ಟಿಗಾತ್ರದ ಒಂದು ಮಾಂಸದ ಚೀಲ. ನಿಮಿಷಕ್ಕೆ ಸುಮಾರು ೭೦ ಸಲ, ದಿನಕ್ಕೆ ಲಕ್ಷ ಸಲ ಅದು ಹಿಗ್ಗಿ ಕುಗ್ಗುತ್ತದೆ. ಅದರ ಎಡ ಹೃತ್ಕುಕ್ಷಿಯಲ್ಲಿ ಹಿಗ್ಗಿದಾಗ ಸುಮಾರು ೧೨೦ ಮಿಲಿಲೀಟರ್ ರಕ್ತ ತುಂಬುತ್ತದೆ. ಕುಗ್ಗಿದಾಗ ಅದರಲ್ಲಿ ಸುಮಾರು ೭೦ ಮಿಲಿಲೀಟರ್ ಹೊರಕ್ಕೆ ಚಿಮ್ಮುತ್ತದೆ. ತುಂಬಿದುದರಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ಹೋಯಿತು ಎಂಬ ಲೆಕ್ಕವೇ ಇಜೆಕ್ಷನ್ ಫ್ರಾಕ್ಷನ್. ಎಕೋ ಪರೀಕ್ಷೆಯ ವರದಿಯಲ್ಲಿ ಇ.ಎಫ್. ಎಂದು ಬರೆದು ಮುಂದೆ ಒಂದು ಅಂಕಿ ಕೊಟ್ಟಿರುವುದು ಇದನ್ನೇ. ನಾವು ಇದನ್ನು ಹೃದಯದ ಕಸುವು ಎಂದು ಕರೆಯೋಣ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. ವರದಿಯಲ್ಲಿ ೬೦ ಎಂದು ಕಂಡೊಡನೆ, ನೂರಕ್ಕೆ ಅರವತ್ತೇ ಅಂಕ ಬಂತಲ್ಲ, ಹೃದಯ ಅರ್ಧಂಬರ್ಧ ಕೆಟ್ಟಿತು ಎಂದು ಅಳುವವರಿದ್ದಾರೆ. ಇದು ಶಾಲೆಯ ಪರೀಕ್ಷೆಯ ಅಂಕವಲ್ಲ. ಯಾವ ಹೃದಯವೂ ತನ್ನಲ್ಲಿರುವ ರಕ್ತವನ್ನೆಲ್ಲ ಒಂದೇ ಸಲಕ್ಕೆ ಬರಿದು ಮಾಡುವುದಿಲ್ಲ. ಸ್ಥೂಲವಾಗಿ ೫೫ರಿಂದ ೭೦ರವರೆಗೆ ಇದ್ದರೆ ಅದು ಆರೋಗ್ಯವಂತರ ಅಂಕಿಯೇ. ೪೧ರಿಂದ ೪೯ ಎಂದರೆ ಕಸುವು ತುಸು ಕುಗ್ಗಿದೆ. ೪೦ ಮತ್ತು ಅದಕ್ಕಿಂತ ಕಡಮೆ ಎಂದರೆ ಹೃದಯ ಬಲಗುಂದಿದೆ. ೩೫ಕ್ಕಿಂತ ಕೆಳಗಿಳಿದರೆ ವೈದ್ಯರು ವಿಶೇಷ ಎಚ್ಚರ ವಹಿಸುತ್ತಾರೆ. ಅಳೆಯುವವರ ಕೈಯಲ್ಲಿ ನಾಲ್ಕೈದು ಅಂಕಗಳ ವ್ಯತ್ಯಾಸ ಸಹಜ. ೪೦ ಇದ್ದದ್ದು ೪೩ ಆಯಿತೆಂದು ಹಿಗ್ಗಬೇಕಾಗಿಲ್ಲ, ೩೭ ಆಯಿತೆಂದು ಕುಗ್ಗಬೇಕಾಗಿಲ್ಲ.

ಈ ಕಸುವಿಗೂ ಬೈಪಾಸಿಗೂ ಏನು ಸಂಬಂಧ? ಇದನ್ನು ಮುಂಬಯಿಯವರಾದ ನಮಗೆ ತಿಳಿಸುವುದು ಕಷ್ಟವಲ್ಲ. ನಮ್ಮ ಪ್ರತಿಯೊಂದು ಕಟ್ಟಡದ ತಳದಲ್ಲಿಯೂ ನೀರಿನ ಪಂಪು ಇದೆ. ಬೆಳಗಿನ ಹೊತ್ತು ಅದು ನೀರನ್ನು ಮೇಲಣ ಟಾಂಕಿಗೆ ಏರಿಸದಿದ್ದರೆ ನಾಲ್ಕನೆಯ ಮಹಡಿಯವರ ಗತಿ ಏನೆಂಬುದನ್ನು ಹೇಳಬೇಕಾಗಿಲ್ಲ. ಆ ಪಂಪಿನ ಮೋಟಾರಿಗೆ ವಿದ್ಯುತ್ತು ತರುವ ತಂತಿ ಇದೆಯಷ್ಟೆ? ಹೃದಯದ ಮೈಮೇಲೆ ಹರಿದು ಅದರ ಸ್ನಾಯುವಿಗೇ ರಕ್ತವನ್ನುಣಿಸುವ ಕೊರೊನರಿ ನಾಳಗಳು ಆ ತಂತಿಯಂತೆ. ತಂತಿ ಸವೆದು ಪ್ರವಾಹ ಕಡಮೆಯಾದರೆ ಮೋಟಾರು ಗುಂಯ್‌ಗುಡುತ್ತದೆ, ನೀರು ಮೇಲೇರುವುದಿಲ್ಲ. ಬೈಪಾಸ್ ಎಂದರೆ ಹಳೆಯ ತಂತಿಯನ್ನು ಹಾಗೆಯೇ ಬಿಟ್ಟು ಪಕ್ಕದಿಂದ ಹೊಸ ತಂತಿಯನ್ನು ಎಳೆಯುವುದು. ಅದು ಮೋಟಾರನ್ನು ಬದಲಿಸುವುದಲ್ಲ. ಈ ಭೇದವನ್ನು ಮನಸ್ಸಿನಲ್ಲಿಡಬೇಕು. ಮೋಟಾರಿನ ಸುರುಳಿ ಸುಟ್ಟು ಹೋಗಿದ್ದರೆ ಹೊಸ ತಂತಿ ಏನು ಮಾಡೀತು? ಸುಟ್ಟಿಲ್ಲ, ಪ್ರವಾಹ ಸಾಲದೆ ಸೋತಿದೆ, ಅಷ್ಟೇ ಎಂದಾದರೆ ಹೊಸ ತಂತಿ ಬಂದೊಡನೆ ಅದು ಚೇತರಿಸಿಕೊಳ್ಳುತ್ತದೆ.

ಹೃದಯದಲ್ಲಿಯೂ ಹೀಗೆಯೇ. ಹೃದಯಾಘಾತದಲ್ಲಿ ರಕ್ತ ನಿಂತು ಸತ್ತ ಸ್ನಾಯು ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಅದು ಮರಳಿ ಕೆಲಸ ಮಾಡದು. ಆದರೆ ರಕ್ತ ಪೂರ್ತಿ ನಿಲ್ಲದೆ, ಬಹುಕಾಲ ಕಡಮೆಯಾಗಿದ್ದ ಭಾಗದಲ್ಲಿ ಸ್ನಾಯು ಸಾಯದೆ, ದುಡಿಯದೆ, ಜೀವ ಹಿಡಿದುಕೊಂಡು ಸುಮ್ಮನಿರುತ್ತದೆ. ಚಳಿಗಾಲದಲ್ಲಿ ಕೆಲವು ಪ್ರಾಣಿಗಳು ಬಿಲ ಸೇರಿ ನಿದ್ರಿಸುವಂತೆ ಎಂದು ಇದಕ್ಕೆ ‘ಹೈಬರ್ನೇಟಿಂಗ್ ಮಯೊಕಾರ್ಡಿಯಂ’ ಎಂದು ಹೆಸರು. ೧೯೮೦ರ ದಶಕದಲ್ಲಿ ಈ ವಿಚಾರವನ್ನು ಜಗತ್ತಿನ ವೈದ್ಯರ ಮುಂದೆ ಬಲವಾಗಿ ಮಂಡಿಸಿದವರು ಡಾ. ಶಹಬುದ್ದೀನ್ ರಹಿಮತುಲ್ಲಾ. ಅಮೆರಿಕದಲ್ಲಿ ಹೆಸರಾದ ಆ ಹೃದಯತಜ್ಞರು ೧೯೩೧ರಲ್ಲಿ ಹುಟ್ಟಿದುದು ನಮ್ಮ ಈ ಮುಂಬಯಿಯಲ್ಲೇ. ಹೀಗೆ ನಿದ್ರಿಸುತ್ತಿರುವ ಸ್ನಾಯು ಎಚ್ಚರಗೊಂಡರೆ, ಶಸ್ತ್ರಕ್ರಿಯೆಯಾದ ಕೆಲವು ವಾರ-ತಿಂಗಳುಗಳಲ್ಲಿ ಕಸುವು ಏರುವುದುಂಟು. ಆದುದರಿಂದಲೇ ಅಂಕಿ ಕಡಮೆಯೆಂದ ಮಾತ್ರಕ್ಕೆ ಆಸೆ ಬಿಡಬೇಕಾಗಿಲ್ಲ. ಎಷ್ಟು ಸತ್ತಿದೆ, ಎಷ್ಟು ಮಲಗಿದೆ ಎಂಬುದನ್ನು ವೈದ್ಯರು ಬೇರೆ ಪರೀಕ್ಷೆಗಳಿಂದ ಅಂದಾಜು ಮಾಡುತ್ತಾರೆ.

ಹೃದಯದ ಸ್ನಾಯುವಿಗೆ ರಕ್ತವನ್ನು ಹೇಗೆ ಒದಗಿಸುವುದು ಎಂಬ ಚಿಂತೆ ನಮ್ಮ ಪರೇಲಿಗೆ ಹೊಸದಲ್ಲ. ೧೯೨೬ರಲ್ಲಿ ತೆರೆದ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಪ್ರಫುಲ್ಲ ಕುಮಾರ್ ಸೇನ್ ಎಂಬ ಮಹನೀಯರಿದ್ದರು. ಹಾವಿನ ಹೃದಯದಲ್ಲಿ ರಕ್ತ ಒಳಗಿನಿಂದಲೇ ಸಣ್ಣ ಸಣ್ಣ ರಂಧ್ರಗಳ ಮೂಲಕ ಸ್ನಾಯುವಿಗೆ ಇಳಿಯುವುದನ್ನು ಗಮನಿಸಿ, ಮನುಷ್ಯನ ಹೃದಯಕ್ಕೂ ಸೂಜಿಯಿಂದ ಅಂಥ ದಾರಿ ಮಾಡಬಹುದೆ ಎಂದು ಅವರೂ ಅವರ ಸಂಗಡಿಗರೂ ಪ್ರಯೋಗ ನಡೆಸಿ ೧೯೬೫ರಲ್ಲಿ ಪ್ರಕಟಿಸಿದರು. ೧೯೬೮ರ ಫೆಬ್ರುವರಿಯಲ್ಲಿ ಭಾರತದ ಮೊದಲನೆಯ ಹೃದಯ ಬದಲಾವಣೆಯನ್ನು ಅವರೇ ಅಲ್ಲಿ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದ. ಅಷ್ಟರಲ್ಲಿ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಡಾ. ರೆನೆ ಫವಲೋರೊ ೧೯೬೭ರಲ್ಲಿ ಕಾಲಿನ ಸಿರೆಯನ್ನು ತೆಗೆದು ಹೃದಯಕ್ಕೆ ಜೋಡಿಸುವ ಬೈಪಾಸನ್ನು ರೂಢಿಗೆ ತಂದರು. ನಮ್ಮ ದೇಶದಲ್ಲಿ ೧೯೭೫ರಲ್ಲಿ ಮದರಾಸಿನಲ್ಲಿ ಡಾ. ಕೆ. ಎಂ. ಚೆರಿಯನ್ ಅದನ್ನು ಮೊದಲು ಯಶಸ್ವಿಯಾಗಿ ಮಾಡಿದರು. ಇಂದು ಮುಂಬಯಿಯ ದೊಡ್ಡ ಆಸ್ಪತ್ರೆಗಳಲ್ಲಿ ಅದು ನಿತ್ಯದ ಕೆಲಸ. ಪ್ರಧಾನಿಯಾಗಿದ್ದ ಡಾ. ಮನಮೋಹನ ಸಿಂಗರಿಗೆ ೨೦೦೯ರ ಜನವರಿಯಲ್ಲಿ ದಿಲ್ಲಿಯಲ್ಲಿ ಎರಡನೆಯ ಬೈಪಾಸ್ ಮಾಡಿದ ತಂಡದ ಮುಖ್ಯಸ್ಥರು ಮುಂಬಯಿಯ ಡಾ. ರಮಾಕಾಂತ ಪಾಂಡಾ. ಆಮೇಲೆ ಸಿಂಗರು ೨೦೧೪ರವರೆಗೂ ದೇಶದ ಭಾರ ಹೊತ್ತರು. ೨೦೨೪ರ ಡಿಸೆಂಬರಿನಲ್ಲಿ ೯೨ರ ವಯಸ್ಸಿನಲ್ಲಿ ತೀರಿಕೊಂಡರು. ಬೈಪಾಸ್ ಆದವನು ಮೂಲೆ ಸೇರಬೇಕು ಎನ್ನುವವರು ಇದನ್ನು ನೆನೆಯಬಹುದು.

ಇನ್ನು ಪ್ರಕೃತ ವಿಷಯಕ್ಕೆ ಬರೋಣ. ಕಸುವು ಕಡಮೆಯಿದ್ದರೆ ಶಸ್ತ್ರಕ್ರಿಯೆಯ ಫಲ ಹೇಗೆ ಬದಲಾಗುತ್ತದೆ?

ಮೊದಲನೆಯದು, ಶಸ್ತ್ರಕ್ರಿಯೆಯ ದಿನ. ಅನೇಕ ವೇಳೆ ಹೃದಯವನ್ನು ತಣ್ಣನೆಯ ದ್ರಾವಣದಿಂದ ನಿಲ್ಲಿಸಿ, ಅದರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಹೊಲಿಗೆ ಹಾಕುತ್ತಾರೆ. ಬಡಿಯುತ್ತಿರುವ ಹೃದಯದ ಮೇಲೆಯೇ ಹೊಲಿಯುವ ಕ್ರಮವೂ ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಗಟ್ಟಿಯಾದ ಹೃದಯ ಈ ಪೆಟ್ಟನ್ನು ಬೇಗ ಸುಧಾರಿಸಿಕೊಳ್ಳುತ್ತದೆ. ಬಲಗುಂದಿದ ಹೃದಯಕ್ಕೆ ಊರೆಗೋಲು ಬೇಕಾಗುತ್ತದೆ: ಬಲ ಕೊಡುವ ಔಷಧಗಳು, ಕೆಲವೊಮ್ಮೆ ತೊಡೆಯ ನಾಳದಿಂದ ಏರಿಸಿ ಮಹಾಧಮನಿಯಲ್ಲಿ ಇಡುವ ಬಲೂನ್ ಪಂಪು. ಶಸ್ತ್ರವೈದ್ಯರು ಅಪಾಯದ ಲೆಕ್ಕ ಹಾಕುವ ‘ಯೂರೋಸ್ಕೋರ್’ ಎಂಬ ಕೋಷ್ಟಕದಲ್ಲಿ ವಯಸ್ಸು, ಮೂತ್ರಪಿಂಡ ಮೊದಲಾದವುಗಳ ಜೊತೆಗೆ ಕಸುವಿಗೂ ನಾಲ್ಕು ಮೆಟ್ಟಿಲುಗಳಿವೆ: ೫೦ಕ್ಕಿಂತ ಮೇಲೆ, ೩೧ರಿಂದ ೫೦, ೨೧ರಿಂದ ೩೦, ೨೦ ಮತ್ತು ಅದರ ಕೆಳಗೆ. ಒಂದೊಂದು ಮೆಟ್ಟಿಲು ಇಳಿದಂತೆ ಅಪಾಯ ಏರುತ್ತದೆ.

ಎರಡನೆಯದು, ಅನಂತರದ ದಿನಗಳು. ಪಂಪು ಸೋತರೆ ಮೂತ್ರಪಿಂಡಕ್ಕೆ ರಕ್ತ ಸಾಲದು, ಶ್ವಾಸಕೋಶದಲ್ಲಿ ನೀರು ನಿಲ್ಲುವುದು, ಬಡಿತದ ಲಯ ತಪ್ಪುವುದು. ಆದಕಾರಣ ತೀವ್ರ ನಿಗಾ ಘಟಕದಲ್ಲಿ ಹೆಚ್ಚು ದಿನ ಇರಬೇಕಾದೀತು. ಎಂಟು ದಿನಕ್ಕೆಂದು ಹಣ ಹೊಂದಿಸಿ ಬಂದವರಿಗೆ ಹದಿನೈದು ದಿನ ಆದಾಗ, ವೈದ್ಯರು ಏನೊ ಕೆಡಿಸಿದರು ಎಂಬ ಮಾತು ಹುಟ್ಟುತ್ತದೆ. ನಾಲ್ಕನೆಯ ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಈ ಸಂಕಟ ಅರ್ಧ ಕಡಮೆಯಾಗುತ್ತಿತ್ತು. ಹಣದ ಮಾತು ಬಂದುದರಿಂದ ಹೇಳುತ್ತೇವೆ: ಮಹಾರಾಷ್ಟ್ರ ಸರಕಾರದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಲ್ಲಿ ಬೈಪಾಸ್ ಸೇರಿದೆ. ಇಲ್ಲಿನ ಪಡಿತರ ಚೀಟಿಯನ್ನು ಉದಾಸೀನ ಮಾಡಿ ಊರಿನದನ್ನೇ ನೆಚ್ಚಿ ಕುಳಿತವರು ಇಂದೇ ವಿಚಾರಿಸಿಕೊಳ್ಳುವುದು ಲೇಸು.

ಮೂರನೆಯದು, ಮುಂದಿನ ವರ್ಷಗಳು. ಕಸುವು ಇಷ್ಟು ಕುಂದಿದವರಿಗೆ ಕತ್ತಿ ಹಾಕುವುದೇ ತಪ್ಪಲ್ಲವೆ, ಮಾತ್ರೆಯಲ್ಲೇ ಇದ್ದುಬಿಡಲಿ ಎಂದು ಹೇಳುವ ಬಂಧುಗಳು ಪ್ರತಿ ಮನೆಯಲ್ಲೂ ಇರುತ್ತಾರೆ. ಅದು ಪ್ರೀತಿಯಿಂದ ಬಂದ ಮಾತು. ಆದರೆ ವಿಚಾರ ಮಾಡತಕ್ಕದ್ದು. ಇದೇ ಪ್ರಶ್ನೆಯನ್ನು ಎತ್ತಿಕೊಂಡು ‘ಸ್ಟಿಚ್’ ಎಂಬ ಒಂದು ದೊಡ್ಡ ಪರೀಕ್ಷೆ ೨೨ ದೇಶಗಳಲ್ಲಿ ನಡೆಯಿತು. ಕಸುವು ೩೫ ಮತ್ತು ಅದಕ್ಕಿಂತ ಕಡಮೆ ಇದ್ದ ೧,೨೧೨ ರೋಗಿಗಳನ್ನು ೨೦೦೨ರಿಂದ ೨೦೦೭ರ ನಡುವೆ ಸೇರಿಸಿಕೊಂಡು, ಒಂದು ಪಾಲಿಗೆ ಔಷಧ ಮಾತ್ರ, ಇನ್ನೊಂದು ಪಾಲಿಗೆ ಔಷಧದ ಜೊತೆಗೆ ಬೈಪಾಸ್ ಎಂದು ಗೊತ್ತುಮಾಡಿದರು. ಮೊದಲ ತಿಂಗಳಲ್ಲಿ ಶಸ್ತ್ರಕ್ರಿಯೆಯ ಕಡೆಯಲ್ಲೇ ಸಾವು ಹೆಚ್ಚು. ೨೦೧೧ರಲ್ಲಿ, ಸುಮಾರು ಐದು ವರ್ಷಗಳ ಲೆಕ್ಕ ತೆಗೆದಾಗ, ಒಟ್ಟು ಸಾವಿನಲ್ಲಿ ಎರಡು ಗುಂಪುಗಳ ನಡುವೆ ಖಚಿತ ಎನ್ನುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ೨೦೧೬ರಲ್ಲಿ, ಹತ್ತು ವರ್ಷ ಸಮೀಪಿಸಿದಾಗ, ಔಷಧ ಮಾತ್ರ ಪಡೆದವರಲ್ಲಿ ನೂರಕ್ಕೆ ೬೬ ಮಂದಿ, ಶಸ್ತ್ರಕ್ರಿಯೆಯೂ ಆದವರಲ್ಲಿ ನೂರಕ್ಕೆ ೫೯ ಮಂದಿ ತೀರಿಕೊಂಡಿದ್ದರು.

ಈ ಲೆಕ್ಕದಿಂದ ನಾವು ಕಲಿಯಬೇಕಾದುದು ಎರಡು. ಒಂದು: ಬಲಗುಂದಿದ ಹೃದಯದವರಿಗೂ, ಯೋಗ್ಯರಾದವರನ್ನು ಆರಿಸಿದರೆ, ಬೈಪಾಸಿನಿಂದ ಲಾಭವುಂಟು, ಆದರೆ ಅದು ಮೊದಲು ಸಾಲ ಮಾಡಿ ಆಮೇಲೆ ಫಲ ಉಣ್ಣುವ ತೋಟದಂತೆ. ಮೊದಲ ತಿಂಗಳ ಅಪಾಯವನ್ನು ದಾಟಬೇಕು, ವರ್ಷಗಳ ಕಾಲ ಕಾಯಬೇಕು. ಬೇರೆ ಕಾಯಿಲೆಗಳಿಂದ ಜರ್ಜರಿತರಾದ ಮುದುಕರಿಗೆ ಆ ಲೆಕ್ಕ ಬೇರೆಯಾದೀತು. ಎರಡು: ಶಸ್ತ್ರಕ್ರಿಯೆಯಾದ ಗುಂಪಿನವರೂ ಮಾತ್ರೆಗಳನ್ನು ಬಿಟ್ಟಿರಲಿಲ್ಲ. ಮಾತ್ರೆಯೊ, ಬೈಪಾಸೊ ಎಂಬುದು ಪ್ರಶ್ನೆಯೇ ಅಲ್ಲ. ಬೈಪಾಸ್ ಆದರೂ ಮಾತ್ರೆ ಇರಲೇಬೇಕು.

ನಮ್ಮವರು ಎಡವುವುದು ಇಲ್ಲಿಯೇ. “ಆಪರೇಷನ್ ಆಯಿತಲ್ಲ, ಇನ್ನೇಕೆ ಈ ಮುಷ್ಟಿ ಮಾತ್ರೆ?” ಎಂಬ ಮಾತನ್ನು ನಾವು ಎಷ್ಟು ಮನೆಗಳಲ್ಲಿ ಕೇಳಿಲ್ಲ! ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕೊಬ್ಬಿಗೆ ಸ್ಟಾಟಿನ್, ಇವು ಹೊಸ ನಾಳಗಳನ್ನು ಕಾಯುವುದಕ್ಕೆ. ಕಾಲಿನ ಸಿರೆಯಿಂದ ಮಾಡಿದ ಹೊಸ ದಾರಿ ಹತ್ತು ವರ್ಷಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನರಲ್ಲಿ ಮುಚ್ಚಬಹುದು ಇಲ್ಲವೆ ಕೆಡಬಹುದು; ಎದೆಯ ಒಳಗಿನ ಧಮನಿಯಿಂದ ಮಾಡಿದುದು ಬಹುಕಾಲ ಬಾಳುತ್ತದೆ. ಇನ್ನು ಕಸುವು ಕುಂದಿದವರಿಗೆ ಬೇರೆ ನಾಲ್ಕು ಬಗೆಯ ಔಷಧಗಳಿವೆ: ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಮೊದಲಾದವು; ರಾಮಿಪ್ರಿಲ್ ಅಥವಾ ಸಕುಬಿಟ್ರಿಲ್-ವಲ್ಸಾರ್ಟಾನ್; ಸ್ಪಿರೊನೊಲ್ಯಾಕ್ಟೋನ್; ಡಾಪಾಗ್ಲಿಫ್ಲೋಜಿನ್ ಮೊದಲಾದವು. ಇವುಗಳಲ್ಲಿ ಕೆಲವು ರಕ್ತದೊತ್ತಡದ ಮಾತ್ರೆಗಳೆಂದೂ ಒಂದು ಸಕ್ಕರೆ ಕಾಯಿಲೆಯ ಮಾತ್ರೆಯೆಂದೂ ಪ್ರಸಿದ್ಧ. “ನನಗೆ ಬಿ.ಪಿ.ಯೂ ಇಲ್ಲ, ಸಕ್ಕರೆಯೂ ಇಲ್ಲ, ಇದನ್ನೇಕೆ ಬರೆದರು?” ಎಂದು ತಾವೇ ನಿಲ್ಲಿಸಿದವರಿದ್ದಾರೆ. ಬಲಗುಂದಿದ ಹೃದಯದ ಹೊರೆ ಇಳಿಸಿ ಆಯುಸ್ಸು ಬೆಳೆಸುವುದಕ್ಕೇ ಅವನ್ನು ಕೊಡುತ್ತಾರೆ. ನಿಲ್ಲಿಸುವುದಾದರೆ ಬರೆದವರನ್ನು ಕೇಳಿಯೇ ನಿಲ್ಲಿಸಬೇಕು. ಹಾಗೆಯೇ ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಂದು ನುಂಗುವುದು ಇಂಥವರಿಗೆ ಅಪಾಯ. ಅದು ಮೈಯಲ್ಲಿ ನೀರು ನಿಲ್ಲಿಸುತ್ತದೆ.

ಮನೆಯಲ್ಲಿ ಮಾಡತಕ್ಕ ಕೆಲಸಗಳೂ ಇವೆ. ಬೆಳಿಗ್ಗೆ ಎದ್ದು ಶೌಚದ ನಂತರ ತೂಕ ನೋಡಿ ಬರೆದಿಡಬೇಕು. ಎರಡು ಮೂರು ದಿನಗಳಲ್ಲೇ ಎರಡು ಕಿಲೋ ಏರಿದರೆ ಅದು ಊಟದ ಕೊಬ್ಬಲ್ಲ, ನಿಂತ ನೀರು. ಕಾಲು ಊದುವುದು, ರಾತ್ರಿ ದಿಂಬು ಏರಿಸದೆ ಮಲಗಲಾಗದಿರುವುದು, ಮಲಗಿದವರು ಉಸಿರುಕಟ್ಟಿ ಏಳುವುದು, ಇವನ್ನು ಕಂಡರೆ ತಡ ಮಾಡಬಾರದು. ಉಪ್ಪಿನ ವಿಷಯದಲ್ಲಿ ನಮ್ಮ ಅಡಿಗೆಮನೆ ತುಸು ಉದಾರಿ. ಊರಿನಿಂದ ಬರುವ ಗಂಟಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪುನೀರಿನ ಮಾವಿನಕಾಯಿ. ಇಲ್ಲಿಯ ಬೀದಿಯಲ್ಲಿ ಫರಸಾಣ. ಅಮ್ಮನ ಪ್ರೀತಿಯ ಭರಣಿಯನ್ನು ನಾವು ನಿಂದಿಸುತ್ತಿಲ್ಲ. ಆದರೆ ಕಸುವು ೩೫ ಇರುವವರ ಎಲೆಯಿಂದ ಅದನ್ನು ದೂರವಿಡುವುದೂ ಪ್ರೀತಿಯೇ.

ಎದೆಯ ಮೂಳೆ ಕೂಡಿಕೊಳ್ಳಲು ಆರೆಂಟು ವಾರ ಬೇಕು. ಪೂರ್ತಿ ಗಟ್ಟಿಯಾಗಲು ಮೂರು ತಿಂಗಳೂ ಆದೀತು. ಅಷ್ಟರೊಳಗೆ ಡೊಂಬಿವಲಿಯ ಒಂಬತ್ತು ಗಂಟೆಯ ಲೋಕಲಿನಲ್ಲಿ ಕೈ ಮೇಲೆತ್ತಿ ಜೋತಾಡುವ ಸಾಹಸ ಬೇಡ. ನಡೆಯುವುದು ಬೇಕು, ವೈದ್ಯರು ಹೇಳಿದಷ್ಟು, ದಿನದಿನಕ್ಕೆ ತುಸು ಹೆಚ್ಚು. ಸುಮಾರು ಮೂರು ತಿಂಗಳಿಗೆ ಎಕೋ ಮತ್ತೆ ಮಾಡಿಸಬೇಕು. ಕಸುವು ಏರಿದೆಯೆ ಎಂಬುದು ಆಗ ತಿಳಿಯುತ್ತದೆ. ಔಷಧ ತೆಗೆದುಕೊಂಡೂ ೩೫ರ ಕೆಳಗೇ ನಿಂತಿದ್ದರೆ, ಲಯ ತಪ್ಪಿದಾಗ ಹೃದಯವನ್ನು ತಟ್ಟಿ ಎಬ್ಬಿಸುವ ಐ.ಸಿ.ಡಿ. ಎಂಬ ಯಂತ್ರದ ವಿಚಾರವನ್ನು ವೈದ್ಯರು ಎತ್ತುತ್ತಾರೆ. ದುರ್ದೈವದಿಂದ, ಸುಧಾರಿಸಿಕೊಳ್ಳಲೆಂದು ಊರಿಗೆ ಹೋದ ನಮ್ಮವರು ಈ ಮೂರನೆಯ ತಿಂಗಳ ಪರೀಕ್ಷೆಯನ್ನೇ ಮರೆಯುವುದು ಹೆಚ್ಚು. ಕಡತ ಮುಂಬಯಿಯ ಕಪಾಟಿನಲ್ಲಿ, ರೋಗಿ ಕುಂದಾಪುರದಲ್ಲೊ ಧಾರವಾಡದಲ್ಲೊ. ಅಲ್ಲಿಯ ವೈದ್ಯರು ಏನನ್ನು ನೋಡಿ ಔಷಧ ಕೊಡಬೇಕು? ಊರಿಗೆ ಹೊರಡುವಾಗ ಬಿಡುಗಡೆ ಪತ್ರ, ಎಕೋ ವರದಿ, ಔಷಧಗಳ ಪಟ್ಟಿ, ಒಂದು ತಿಂಗಳ ಮಾತ್ರೆ ಕೈಚೀಲದಲ್ಲಿಯೇ ಇರಲಿ.

ಎಲ್ಲಕ್ಕಿಂತ ಮುಖ್ಯವಾದುದನ್ನು ಹೇಳಬೇಕು. ಕಸುವಿನ ಅಂಕಿ ಅನೇಕರಲ್ಲಿ ನಿರ್ಧಾರವಾಗುವುದು ಶಸ್ತ್ರಕ್ರಿಯೆಯ ಮೇಜಿನ ಮೇಲಲ್ಲ. ಅದಕ್ಕೂ ಮೊದಲು, ಹೃದಯಾಘಾತದ ಆ ಮೊದಲ ಗಂಟೆಗಳಲ್ಲಿ. ರಕ್ತ ನಿಂತ ಒಂದೊಂದು ನಿಮಿಷವೂ ಸ್ನಾಯು ಸಾಯುತ್ತಿರುತ್ತದೆ. ನಮ್ಮ ಹೋಟೆಲಿನ ಬಂಧುಗಳು ನಸುಕಿಗೆ ಎದ್ದು, ಹೊತ್ತು ತಪ್ಪಿ ಉಂಡು, ಎದೆ ಹಿಂಡಿದಾಗ “ಗ್ಯಾಸು” ಎಂದು ಸೋಡಾ ಕುಡಿದು ಮತ್ತೆ ಗಲ್ಲೆಗೆ ಕೂರುತ್ತಾರೆ. ಗಿರಾಕಿಗಳ ಹೊತ್ತು ಕಳೆಯಲಿ ಎನ್ನುತ್ತಾರೆ. ಆ ಎರಡು ಗಂಟೆಯಲ್ಲಿ ೬೦ರ ಹೃದಯ ೩೫ಕ್ಕೆ ಇಳಿಯಬಹುದು. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವೇ ಇಲ್ಲದೆ ಬರಿಯ ಏದುಸಿರು, ಬೆವರು, ಸುಸ್ತು ಮಾತ್ರ ಇರಬಹುದು. ದಕ್ಷಿಣ ಏಷ್ಯದವರಾದ ನಮಗೆ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಬರುತ್ತದೆಂದು ೨೦೦೭ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದಕಾರಣ ಐವತ್ತೂ ಆಗಿಲ್ಲವಲ್ಲ ಎಂಬ ಧೈರ್ಯ ಬೇಡ. ೧೦೮ಕ್ಕೆ ಕರೆ ಮಾಡಿ. ಇಲ್ಲವೆ ಸಿಕ್ಕಿದ ವಾಹನದಲ್ಲಿ, ಹೃದಯದ ಚಿಕಿತ್ಸೆಯಿರುವ ಹತ್ತಿರದ ಆಸ್ಪತ್ರೆಗೆ ಹೊರಡಿ. ಬೈಪಾಸಿನ ಫಲವನ್ನು ಒಳ್ಳೆಯದು ಮಾಡುವ ಕೆಲಸ ಅಲ್ಲಿಂದಲೇ ಮೊದಲಾಗುತ್ತದೆ.

ಬಂಧುಗಳೆ, ಪರಊರಿನಲ್ಲಿ ಕನ್ನಡವನ್ನು ಉಳಿಸಿಕೊಂಡಿದ್ದೇವೆಂದು ನಾವು ಅಭಿಮಾನಪಡುತ್ತೇವೆ, ಪಡತಕ್ಕದ್ದೇ. ಆ ಕನ್ನಡ ಹಾಡು, ನಾಟಕ, ಯಕ್ಷಗಾನಗಳಿಗೆ ಒದಗುವಂತೆ ಆಸ್ಪತ್ರೆಯ ಮಂಚದ ಬಳಿಗೂ ಒದಗಬೇಡವೆ? ಅಪ್ಪನಿಗೆ ತಿಳಿಸಬೇಡಿ, ಗಾಬರಿಯಾದಾರು ಎಂದು ಅಂಕಿಯನ್ನು ಮುಚ್ಚಿಡುವ ಮಕ್ಕಳನ್ನು ನಾವು ಕಂಡಿದ್ದೇವೆ. ಅಂಕಿ ತಿಳಿಯದ ಅಪ್ಪನೇ ಮಾತ್ರೆ ನಿಲ್ಲಿಸುತ್ತಾನೆ, ಉಪ್ಪಿನಕಾಯಿ ಬೇಡುತ್ತಾನೆ. ಅವರ ಮಾತಿನಲ್ಲೇ, ಸಮಾಧಾನದಿಂದ, ಪಂಪಿನ ಉಪಮೆಯನ್ನು ಹೇಳಿಯಾದರೂ ತಿಳಿಸಿರಿ. ಒಂದು ಚೀಟಿಯಲ್ಲಿ ಹೆಸರು, ರಕ್ತದ ಗುಂಪು, ಬೈಪಾಸ್ ಆದ ದಿನಾಂಕ, ಕಸುವಿನ ಅಂಕಿ, ಅಳೆದ ತಿಂಗಳು, ಮಾತ್ರೆಗಳ ಹೆಸರು ಇಷ್ಟನ್ನು ಬರೆದು ಅವರ ಜೇಬಿನಲ್ಲಿಡಿರಿ. ವೈದ್ಯರಿಗಾಗಿ ಇಂಗ್ಲಿಷಿನಲ್ಲಿಯೂ, ಅವರಿಗಾಗಿ ಕನ್ನಡದಲ್ಲಿಯೂ ಇರಲಿ.